ಮದುವೆಯ ಪುಸ್ತಕದಲ್ಲಿ ಅಂಟಿದ್ದ ಹಾಳೆ

ಆಗ ನನಗೆ ಇಪ್ಪತ್ತೆರಡು. ಈಗ ಎಪ್ಪತ್ತನಾಲ್ಕು. ಐವತ್ತೆರಡು ವರ್ಷದ ಹಿಂದಿನ ಮಾತು. ಅಣ್ಣಿಗೇರಿಯಲ್ಲಿ ನಮ್ಮದು ಎಂಟು ಕ್ರೈಸ್ತ ಮನೆಗಳ ಓಣಿ. ಗಂಡ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ತವರಿನಿಂದ ಹೊಲಿಗೆ ಮಶೀನು ತಂದಿದ್ದೆ. ಮದುವೆಗೆ ಮುಂಚೆ ಮೂರು ವರ್ಷ ಊರವರ ಕುಬಸ ಕೈಯಲ್ಲೇ ಹೊಲಿದು, ಬಂದ ದುಡ್ಡಿನಲ್ಲಿ ತೆಗೆದುಕೊಂಡದ್ದು, ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಮದುವೆಯ ದಿನ ಪಾದ್ರಿಗಳು ಒಂದು ಪುಸ್ತಕ ಕೊಟ್ಟರು. ಗಂಡ ಹೆಂಡತಿ ಹೇಗೆ ಬಾಳಬೇಕು ಅನ್ನುವ ಬುದ್ಧಿಮಾತಿನ ಪುಸ್ತಕ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರ ಕೂಡಿಸುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಉಕ್ಕಿರುತ್ತಿತ್ತು. ಹಾಗಾಗಿ ಓದುವುದು ಅವರು, ಕೇಳುವುದು ನಾನು. ಪ್ರತಿ ರವಿವಾರ ಆರಾಧನೆ ಮುಗಿಸಿ ಬಂದು, ಉಂಡ ಮೇಲೆ ಒಂದು ಪುಟ. ಹೆಂಡತಿ ಎದುರುತ್ತರ ಕೊಡಬಾರದು. ಗಂಡ ದಣಿದು ಬಂದರೆ ನಗುಮುಖದಿಂದ ಬಾಗಿಲಲ್ಲಿ ನಿಂತಿರಬೇಕು. ಇದನ್ನು ಬರೆದವರು ಒಂದು ದಿನವೂ ರೊಟ್ಟಿ ಬಡಿದವರಲ್ಲ ಅನಿಸುತ್ತಿತ್ತು. ಆ ಪುಸ್ತಕದಿಂದ ನನಗಿದ್ದ ಉಪಯೋಗ ಒಂದೇ, ಕುಬಸದ ಅಳತೆಯ ಕಾಗದ ಅದರೊಳಗಿಟ್ಟರೆ ಮುದುಡುತ್ತಿರಲಿಲ್ಲ.

ಒಂದು ಶನಿವಾರ ಗಿರಣಿಯಿಂದ ಬಂದವರೇ, ಮಶೀನನ್ನು ನವಲಗುಂದದ ಅಕ್ಕನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದೇನೆ, ಸೋಮವಾರ ಒಯ್ಯಲು ಎತ್ತಿನ ಚಕ್ಕಡಿ ಬರುತ್ತದೆ ಅಂದರು. ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದರಂತೆ, ಹುಡುಗಿಗೆ ಹೊಲಿಗೆ ಬಂದರೆ ಬೇಗ ಒಪ್ಪುತ್ತಾರಂತೆ. ನನ್ನನ್ನು ಕೇಳಲಿಲ್ಲ. ಹೇಳಿದರು, ಅಷ್ಟೇ. ಮಶೀನು ಹೋದರೆ ಬಳೆ ಇಡಿಸಿಕೊಳ್ಳಲೂ ನಾನು ಇನ್ನೊಬ್ಬರ ಮುಂದೆ ಕೈ ಚಾಚಬೇಕಿತ್ತು. ಬಾಯಿ ತೆರೆದರೆ ಎದುರುತ್ತರದ ಪುಟ ಹೊರಗೆ ಬರುತ್ತದೆ ಅಂತ ಗೊತ್ತಿದ್ದರಿಂದ ರೊಟ್ಟಿ ಬಡಿಯಲು ಹೋದೆ.

ರವಿವಾರ ಬೆಳಿಗ್ಗೆ ಪುಸ್ತಕದಿಂದ ಅಳತೆಯ ಕಾಗದವೊಂದನ್ನು ತೆಗೆಯಲು ಹೋದೆ, ಬರಲಿಲ್ಲ. ಎರಡು ಹಾಳೆಗಳ ನಡುವೆ, ಚೀಲದೊಳಗೆ ಹೋದ ಹಾಗೆ ಸಿಕ್ಕಿಕೊಂಡಿತ್ತು. ನೋಡಿದರೆ ಹಾಳೆಗಳ ಮೇಲಿನ ಅಂಚು ಮಡಿಕೆಯಾಗಿಯೇ ಉಳಿದಿದೆ. ಛಾಪಖಾನೆಯವರು ಕತ್ತರಿಸಲು ಮರೆತಿದ್ದರು. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ತಾಗಿಸಬಾರದು, ಬಾಯಿ ಹೋಗಿ ಮೊಂಡಾಗುತ್ತದೆ. ಕಾಗದಕ್ಕೆ ನಾನು ಬ್ಲೇಡನ್ನೇ ಹಿಡಿಯುತ್ತಿದ್ದೆ. ಬ್ಲೇಡು ಆಗ ಗಂಡನ ಗದ್ದದ ಮೇಲಿತ್ತು. ಕತ್ತರಿಯಿಂದಲೇ ಕತ್ತರಿಸಿದೆ.

ಒಳಗಿದ್ದ ಎರಡು ಪುಟ ಗಂಡನಿಗೆ ಹೇಳಿದ್ದು. ಅವರು ಗಡ್ಡ ಬೋಳಿಸಿಕೊಂಡು ಸ್ನಾನ ಮುಗಿಸುವಷ್ಟರಲ್ಲಿ ನಾನು ಅಕ್ಷರ ಕೂಡಿಸಿ ನಾಲ್ಕು ಸಾಲು ಓದಿದೆ. ನಾಲ್ಕನೆಯದರಲ್ಲಿತ್ತು, ಮನೆಯ ವಸ್ತುವನ್ನು ಹೆಂಡತಿಯನ್ನು ಕೇಳದೆ ಮಾರಬಾರದು, ಕೊಡಬಾರದು ಅಂತ.

ಉಂಡ ಮೇಲೆ ಪುಸ್ತಕ ನಾನೇ ತಂದುಕೊಟ್ಟೆ.

"ಇವತ್ತ ಇಲ್ಲಿಂದ ಓದ್ರಿ."

ಎಂದಿನಂತೆ ದೊಡ್ಡ ದನಿಯಲ್ಲಿ ಶುರು ಮಾಡಿದರು. ನಾಲ್ಕನೆಯ ಸಾಲಿಗೆ ದನಿ ಇಳಿಯಿತು. ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಅತ್ತೆ ತಿರುಗಿ ನೋಡಿದಳು.

"ಯಾಕೋ, ಇಷ್ಟ ದಿನ ಓಣಿಗೆಲ್ಲ ಕೇಳೂವಂಗ ಓದ್ತಿದ್ದಿ. ಈಗ ಗಂಟಲದಾಗ ಏನ ಸಿಕ್ಕೈತಿ?"

"ಈ ಹಾಳಿ ಅಂಟಿದ್ವು ಬೇ. ದೇವರ ಪುಸ್ತಕ, ಹರೀಬಾರದಂತ ಬಿಟ್ಟಿದ್ದೆ."

"ಭಾಳ ಅನುಕೂಲ ಆತಲ್ಲ ನಿನಗ," ಅಂದು ಅತ್ತೆ ನಕ್ಕಳು.

ಅವರು ಸುಳ್ಳು ಹೇಳಿರಲಿಲ್ಲ. ನೆಲಕ್ಕೆ ಬಿದ್ದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮನುಷ್ಯ, ಅದಕ್ಕೆ ಬ್ಲೇಡು ಹಚ್ಚಲು ಕೈ ಬಂದಿರಲಿಲ್ಲ. ಅಂಥ ಪುಸ್ತಕಗಳಿಂದ ಏನು ಉಪಯೋಗ ಅಂತ ಮೊಮ್ಮಕ್ಕಳು ಈಗ ನಗುತ್ತಾರೆ. ನಾನು ಹೇಳಿದ್ದರೆ ಜಗಳವಾಗುತ್ತಿದ್ದ ಮಾತನ್ನು ಅವರ ಬಾಯಿಂದಲೇ ಹೇಳಿಸಿತಲ್ಲ, ಅದೇ ಉಪಯೋಗ. ಆದರೆ ಎಲ್ಲ ಹಾಳೆ ಓದಬೇಕು. ಅರ್ಧ ಓದಿದರೆ ಅದು ಪುಸ್ತಕವಲ್ಲ, ಬಡಿಗೆ.

ಅವರು ಪುಸ್ತಕ ಮುಚ್ಚಿ ಕೇಳಿದರು.

"ಹಂಗಾರ ಈಗ ಕೇಳ್ತೀನಿ. ಮಶೀನ ಅಕ್ಕಗ ಕೊಡ್ಲೇನು?"

"ಬ್ಯಾಡ್ರಿ."

"ಮಾತ ಕೊಟ್ಟೀನಲ್ಲ."

"ಮಾತ ನಿಮ್ಮದು, ಮಶೀನ ನಂದು. ಹುಡುಗೀನ್ನ ಇಲ್ಲಿ ಕಳಸಂತ ಹೇಳ್ರಿ. ಒಂದ ತಿಂಗಳದಾಗ ಕುಬಸ ಹೊಲಿಯೂದು ಕಲಸ್ತೀನಿ."

ಅತ್ತೆ ಅಂಗಳಕ್ಕೆ ಉಗುಳಿ ಬಂದು, ಸೊಸೆ ಹೇಳಿದ್ದು ಸರಿ ಐತಿ ಅಂದಳು.

ಮರುದಿನ ಬೆಳಿಗ್ಗೆ ಚಕ್ಕಡಿ ಬಂತು. ಮಶೀನಿನ ಬದಲು ಅವರೇ ಹತ್ತಿ ಕುಳಿತು, ಅಕ್ಕನಿಗೆ ಹೇಳಿ ಬರಲು ನವಲಗುಂದಕ್ಕೆ ಹೋದರು. ನಾನು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿದೆ. ಅಂಟಿದ್ದು ಇನ್ನೂ ಎರಡು ಕಡೆ ಸಿಕ್ಕಿತು, ಕತ್ತರಿಸಿದೆ. ಕತ್ತರಿಯ ಬಾಯಿ ಹೇಗೂ ಹೋಗಿತ್ತು. ಆಮೇಲೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಪೇಟೆಯಲ್ಲಿ ಸಾಣೆ ಹಿಡಿಯುವವನ ಹತ್ತಿರ ಹೋದೆ.