ಮಧ್ಯಂತರಕ್ಕೇ ಮುಗಿದ ಸಿನಿಮಾ

ಈ ಮಾತನ್ನು ಹೇಳಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತಿತ್ತು. ಗಡಿಯಾರಕ್ಕೆ ಸೆಲ್ ಹಾಕುವುದು, ಕನ್ನಡಕ ಒರೆಸುವುದು, ಒರೆಸಿದ ಕನ್ನಡಕವನ್ನೇ ಮತ್ತೊಮ್ಮೆ ಒರೆಸುವುದು. ಹೀಗೆ ಮುಂದೂಡುತ್ತ ಮುಂದೂಡುತ್ತ ಮುದುಕನಾದೆ. ಇನ್ನೂ ಮುಂದೂಡೋಣವೆಂದರೆ ಮುಂದೆ ಅಷ್ಟೊಂದು ಜಾಗ ಉಳಿದಿಲ್ಲ. ಆದರೂ ನೇರವಾಗಿ ಹೇಳಿಬಿಡುವ ಧೈರ್ಯ ನನಗೆ ಈಗಲೂ ಬಂದಿಲ್ಲವಾದ್ದರಿಂದ, ನೀವು ಬೇಸರಪಡದಿದ್ದರೆ, ಮೊದಲು ಸಿನಿಮಾದ ಮಧ್ಯಂತರದ ಬಗ್ಗೆ ನಾಲ್ಕು ಮಾತಾಡಿ ಗಂಟಲು ಸರಿಮಾಡಿಕೊಳ್ಳುತ್ತೇನೆ.

ಮನೆಯಲ್ಲಿ ನೋಡುವ ಸಿನಿಮಾಕ್ಕೆ ಮಧ್ಯಂತರವೇ ಇರುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ? ನಿಲ್ಲುವುದೇನೋ ಬೇಕಾದಷ್ಟು ಸಲ ನಿಲ್ಲುತ್ತದೆ. ಮಿರಜಿನ ನಮ್ಮ ಮನೆಯಲ್ಲಿ ನಾಯಕಿ ಹಾಡಲು ಬಾಯಿ ತೆರೆದಳೆಂದರೆ ಕುಕ್ಕರು ಕೂಗುತ್ತದೆ. ಖಳನಾಯಕ ಚಾಕು ಎತ್ತಿದನೆಂದರೆ ಗ್ಯಾಸಿನವನು ಬಾಗಿಲು ಬಡಿಯುತ್ತಾನೆ. ನನ್ನ ಸೊಸೆ ಸುಷ್ಮಾ ರಿಮೋಟಿನ ಗುಂಡಿ ಒತ್ತಿ ಎಲ್ಲರನ್ನೂ ಇದ್ದಲ್ಲಿಯೇ ನಿಲ್ಲಿಸಿ ಒಳಗೆ ಹೋಗುತ್ತಾಳೆ. ಚಾಕು ಗಾಳಿಯಲ್ಲಿ, ನಾಯಕ ಒಂಟಿ ಕಾಲಿನ ಮೇಲೆ, ನಾನು ಕುರ್ಚಿಯ ಅಂಚಿನಲ್ಲಿ, ಎಲ್ಲರೂ ಅವಳ ದಾರಿ ಕಾಯುತ್ತೇವೆ. ಅವಳು ಬರುವಷ್ಟರಲ್ಲಿ ಮಗನಿಗೆ ಫೋನು ಬಂದಿರುತ್ತದೆ. ಅವನ ಮಾತು ಮುಗಿಯುವಷ್ಟರಲ್ಲಿ ರಿಮೋಟು ಹಾಸಿಗೆಯ ಮಡಿಕೆಯಲ್ಲೆಲ್ಲೋ ಅಡಗಿರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಆಯುಷ್ಯ ಕಳೆದವನಾದ ನನಗೆ ಇದು ಕಬ್ಬು ನುರಿಸುವ ಹಂಗಾಮಿನಂತೆ ಕಾಣುತ್ತದೆ: ಶುರುವಾದದ್ದು ಎಲ್ಲರಿಗೂ ಗೊತ್ತು, ಮುಗಿಯುವುದು ಯಾವಾಗ ಎಂದು ಚೇರಮನ್ನರೂ ಹೇಳಲಾರರು.

ಹಾಗೆಂದು ಹಿಂದಿನ ಕಾಲದ ಚಿತ್ರಮಂದಿರಗಳನ್ನು ಹೊಗಳಲು ಹೊರಟಿದ್ದೇನೆ ಎಂದುಕೊಳ್ಳಬೇಡಿ. ಕಬ್ಬಿನ ಬಿಲ್ಲಿನ ಹಣ ಕೈಗೆ ಬಂದ ವಾರ ಸಾಂಗ್ಲಿಯಲ್ಲಿ ಸಿನಿಮಾ ನೋಡುವುದೆಂದರೆ ಒಂದು ತಪಸ್ಸು. ಸುತ್ತಲಿನ ಹಳ್ಳಿಗಳೆಲ್ಲ ಒಳಗೆ ಬಂದಿರುತ್ತಿದ್ದವು. ಮುಂದಿನ ಸಾಲಿನಲ್ಲಿ ತಲೆಗೆ ಪಟಕಾ ಸುತ್ತಿದ ಹಿರಿಯರು. ಅವರಿಗೆ ಪಟಕಾ ತೆಗೆಯಿರಿ ಎನ್ನುವುದು ತಲೆ ತೆಗೆಯಿರಿ ಎಂದಂತೆಯೇ ಆದ್ದರಿಂದ, ನಾಯಕನನ್ನು ಅವರ ಎಡಗಿವಿಯ ಕಡೆಯಿಂದಲೂ ನಾಯಕಿಯನ್ನು ಬಲಗಿವಿಯ ಕಡೆಯಿಂದಲೂ ನೋಡಿ, ಅವರಿಬ್ಬರ ಮದುವೆಯನ್ನು ಮನಸ್ಸಿನಲ್ಲೇ ಮಾಡಿಸಬೇಕಾಗುತ್ತಿತ್ತು. ಕೆಳಗೆ ತಿಗಣೆ, ಮೇಲೆ ಗೊಣಗುವ ಫ್ಯಾನು, ಬದಿಯಲ್ಲಿ ಸೋಡಾ ಬಾಟಲಿ ಉರುಳುವ ಸದ್ದು.

ಇದೆಲ್ಲಕ್ಕಿಂತ ದೊಡ್ಡ ಕಾಟ ಮಾತಿನದು. ನಮ್ಮ ಗಡಿಭಾಗದಲ್ಲಿ ಸಿನಿಮಾ ಎರಡೆರಡು ಸಲ ಮಾತಾಡುತ್ತಿತ್ತು. ಒಮ್ಮೆ ಪರದೆಯಿಂದ ಮರಾಠಿಯಲ್ಲಿ, ಇನ್ನೊಮ್ಮೆ ಕುರ್ಚಿಗಳಿಂದ ಕನ್ನಡದಲ್ಲಿ. ಪ್ರತಿ ಕುಟುಂಬದಲ್ಲೂ ನಾಲ್ಕಕ್ಷರ ಕಲಿತವನೊಬ್ಬ ಉಳಿದವರಿಗೆ ಅರ್ಥ ಹೇಳುತ್ತ ಕೂಡುವುದು ರೂಢಿ. ಪರದೆಯ ಮೇಲೆ ನಾಯಕಿ ಒಂದು ಸಲ ಅತ್ತರೆ ಸಭೆಯಲ್ಲಿ ಅಳು ಎರಡು ಕಂತಿನಲ್ಲಿ ಏಳುತ್ತಿತ್ತು. ಮರಾಠಿ ಬಲ್ಲವರದು ಮೊದಲು, ಅರ್ಥ ಕೇಳಿಸಿಕೊಂಡವರದು ಆಮೇಲೆ. ನಮ್ಮ ಮನೆತನದಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ ಆದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ಈಗ ಮಾವಶಿಯ ವಿಷಯಕ್ಕೆ ಬರಲೇಬೇಕು. ಅವಳು ನನ್ನ ತಾಯಿಯ ತಂಗಿ. ಆರಗ ಎಂಬ ಹಳ್ಳಿಯ ಅವಳ ಮನೆಯಲ್ಲಿ, ಅವಳು ಬಡಿದ ರೊಟ್ಟಿ ತಿಂದೇ ನಾನು ಆ ಮ್ಯಾಟ್ರಿಕ್ ಮುಗಿಸಿದ್ದು. ಕುರಿ ಕಾಯುವ ಮನೆ. ಮಧ್ಯಾಹ್ನ ಓಣಿಯ ಹೆಂಗಸರು ಉಣ್ಣೆ ಹಿಂಜಲು ಅವಳ ಅಂಗಳದಲ್ಲಿ ಸೇರಿದರೆಂದರೆ ಮಾವಶಿ ಸಿನಿಮಾ ಹೇಳುತ್ತಿದ್ದಳು. ಟೂರಿಂಗ್ ಟಾಕೀಜಿನ ಡೇರೆಯಲ್ಲಿ ಅವಳು ನೋಡಿದ್ದ ಸಿನಿಮಾಗಳೇ ಕಡಿಮೆ. ಆದರೆ ಒಂದೊಂದನ್ನೂ ಅತ್ತೆಯ ದನಿ ಬೇರೆ, ಸೊಸೆಯ ದನಿ ಬೇರೆ ಮಾಡಿ, ಮಳೆ ಬರುವಲ್ಲಿ ಸೆರಗು ತಲೆಯ ಮೇಲೆಳೆದುಕೊಂಡು ಹೇಳುತ್ತಿದ್ದಳು. ಗಂಡಂದಿರಿಂದ ಡೇರೆಗೆ ಹೋಗಲು ಒಪ್ಪಿಗೆ ಸಿಗದ ಹೆಂಗಸರಿಗೆ ಸಿನಿಮಾ ಎಂದರೆ ಮಾವಶಿಯೇ. ಅವಳಿಗೆ ಸಂತೆಯ ಮರಾಠಿ ಬರುತ್ತಿತ್ತು, ಸಿನಿಮಾದ ಮರಾಠಿ ಬರುತ್ತಿರಲಿಲ್ಲ. ಆದ್ದರಿಂದ ನೋಡುವಾಗ ಒಂದೊಂದು ಮಾತಿಗೂ ಅರ್ಥ ಕೇಳುವಳು.

"ಸುಮ್ಮನ ನೋಡಬಾರದೇನ ಮಾವಶಿ?" ಎಂದು ನಾನು ಸಿಡುಕಿದರೆ, "ನಾ ಸುಮ್ಮನ ನೋಡಿದರ ನಾಳಿ ಹೆಣ್ಣಮಕ್ಕಳಿಗೆ ಏನ ಹೇಳ್ಲೋ? ತಪ್ಪು ಹೇಳಿದರ ಅವರು ತಪ್ಪಿಗೇ ಅಳತಾರ" ಎನ್ನುತ್ತಿದ್ದಳು.

ಮ್ಯಾಟ್ರಿಕ್ ಆದ ಮೇಲೆ ನಾನು ಸಾಂಗ್ಲಿಯ ಕಡೆಯ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿ ಕಾರಕೂನ. ಹಂಗಾಮು ಇದ್ದಾಗ ಕುರ್ಚಿ, ಮುಗಿದಾಗ ಮನೆ. ಕಾಯಂ ಆಗುವುದು ಹೆಡ್ ಕ್ಲಾರ್ಕ್ ಸಾಹೇಬರ ಒಂದು ಮಾತಿನಲ್ಲಿತ್ತು. ಅವರು ಒಂದು ಭಾನುವಾರ ಕುಟುಂಬಸಮೇತ ಮರಾಠಿ ಸಿನಿಮಾಕ್ಕೆ ಹೋಗುವರೆಂದು ತಿಳಿದು, ಅವರ ಹಿಂದಿನ ಸಾಲಿನಲ್ಲಿಯೇ ಟಿಕೆಟು ಹಿಡಿದಿದ್ದೆ. ಮಧ್ಯಂತರದಲ್ಲಿ ಆಕಸ್ಮಿಕವಾಗಿ ಭೇಟಿಯಾದಂತೆ ಮಾಡಿ ಚಹಾ ಕುಡಿಸಬೇಕೆಂಬುದು ನನ್ನ ರಾಜಕಾರಣ. ಅದೇ ಭಾನುವಾರ ಮಾವಶಿ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ನನಗೆಂದು ಹುರಿದ ಸೇಂಗಾದ ಗಂಟು ಹಿಡಿದು ನನ್ನ ಬಾಡಿಗೆ ಖೋಲಿಯ ಮುಂದೆ ಇಳಿದಳು. ಸಾಂಗ್ಲಿಯ ಥಿಯೇಟರನ್ನು ಅವಳು ಒಳಗಿನಿಂದ ನೋಡಿರಲಿಲ್ಲ. ಜೊತೆಗೆ ಬರಬೇಕಿದ್ದ ಗೆಳೆಯ ಕೈಕೊಟ್ಟಿದ್ದರಿಂದ ಟಿಕೆಟೂ ಒಂದು ಉಳಿದಿತ್ತು. ಬೇಡವೆನ್ನಲು ನನಗೆ ನೆಪ ಸಿಗಲಿಲ್ಲ.

ಸಿನಿಮಾ ಶುರುವಾಯಿತು. ಅನುಮಾನದ ಗಂಡ, ಮನೆಯಿಂದ ಹೊರಬೀಳುವ ಬಸುರಿ ಹೆಂಡತಿ, ತುಂಬಿದ ಹೊಳೆ.

"ಏನಂದ್ಲೋ ಅಕಿ?"

"ತವರಿಗೆ ಹೋಗತೇನಿ ಅಂದ್ಲು."

"ಯಾರ ಮುಂದ ಅಂದ್ಲು? ಅಂವಾ ಅಕಿ ಮೈದುನ ಏನು? ನೋಡಾಕ ಕಳ್ಳ ಇದ್ದಂಗ ಅದಾನ ನೋಡು!"

ಕುರಿಗಳನ್ನು ಹಳ್ಳದಾಚೆಯಿಂದ ಕರೆದು ರೂಢಿಯಾದ ದನಿ ಅದು. ಹೆಡ್ ಕ್ಲಾರ್ಕರ ಹೆಂಡತಿ ಎರಡು ಸಲ ತಿರುಗಿ ನೋಡಿದರು. ಮೂರನೆಯ ಸಲ ಸಾಹೇಬರೇ ತಿರುಗಿದರು. ನನ್ನನ್ನು ಕಂಡು ಕಣ್ಣರಳಿಸಿ, ಮಾವಶಿಯ ಕಡೆ ಗದ್ದ ಎತ್ತಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

"ಗಾವಾಕಡಚ್ಯಾ ಆಹೇತ" ಎಂದೆ. ಊರ ಕಡೆಯವರು, ಅಷ್ಟೆ. ಆ ಮಾತು ತಿಳಿಯಲು ಸಂತೆಯ ಮರಾಠಿ ಸಾಕೆಂಬುದು ನನಗೆ ಆಗ ಹೊಳೆಯಲಿಲ್ಲ.

ಹೊಳೆಯ ಸುಳಿಯಲ್ಲಿ ದೋಣಿ ಮಗುಚಿತು. ಹೆಣ್ಣಿನ ಬಳೆ ತುಂಬಿದ ಕೈಯೊಂದು ನೀರ ಮೇಲೆ ಕಂಡು ಮುಳುಗಿತು. ಮಧ್ಯಂತರದ ಅಕ್ಷರ ಮೂಡಿ ದೀಪಗಳು ಹತ್ತಿದವು, ಜನ ಚಹಾಕ್ಕೆ ಎದ್ದರು. ಡೇರೆಯ ಸಿನಿಮಾದಲ್ಲಿ ರೀಲು ಬದಲಿಸಲು ಆಗಾಗ ದೀಪ ಹತ್ತುತ್ತಿದ್ದುದರಿಂದ ಮಾವಶಿ ದೀಪವನ್ನು ನಂಬುತ್ತಿರಲಿಲ್ಲ. ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡು ನನ್ನನ್ನೇ ಕೇಳಿದಳು.

"ಮುಗೀತೇನೋ?"

"ಹೂಂ. ಮುಗೀತು."

ಅವಳನ್ನು ಬೇಗಬೇಗ ನಡೆಸಿಕೊಂಡು ಹೋಗಿ ಆರಗದ ಕಡೆಯ ಬಸ್ಸಿಗೆ ಹತ್ತಿಸಿದೆ. ಓಡುತ್ತ ಮರಳಿ ಬಂದಾಗ ಒಂದು ಹಾಡು ಮಾತ್ರ ತಪ್ಪಿತ್ತು; ಸಾಹೇಬರಿಗೆ ಚಹಾವನ್ನು ಸಿನಿಮಾ ಬಿಟ್ಟ ಮೇಲೆ ಕುಡಿಸಿದೆ. ದೋಣಿಯ ಹೆಣ್ಣು ಬದುಕಿದ್ದಳು. ದಂಡೆಯ ಮೀನುಗಾರರ ಮನೆಯಲ್ಲಿ ಹಡೆದು, ಕೊನೆಗೆ ಗಂಡನ ತಲೆ ತಗ್ಗಿಸಿ, ತಲೆಯೆತ್ತಿ ಮನೆಗೆ ಬಂದಳು. ಆ ಅರ್ಧವನ್ನು ನಾನು, ಮಾವಶಿ ಕುರ್ಚಿಯಲ್ಲಿ ಮರೆತುಹೋದ ಸೇಂಗಾ ತಿನ್ನುತ್ತ, ಯಾರ ಕಾಟವೂ ಇಲ್ಲದೆ ನೋಡಿದೆ. ಬಹಳ ಒಳ್ಳೆಯ ಸಿನಿಮಾ ಎನ್ನಿಸಿತು.

ಮುಂದಿನದು ತಾನಾಗಿಯೇ ಬೆಳೆಯಿತು. ಮಾವಶಿ ಊರಿಗೆ ಹೋಗಿ ಆ ಸಿನಿಮಾ ಹೇಳಿದಳು. ಬಳೆ ತುಂಬಿದ ಕೈಯನ್ನು ತನ್ನ ಕೈಯಿಂದಲೇ ತೋರಿಸಿ, ಮೆಲ್ಲಗೆ ಮುಳುಗಿಸಿ, ಅಲ್ಲಿಗೇ ನಿಲ್ಲಿಸುತ್ತಿದ್ದಳಂತೆ. ಹಿಂಜುವ ಕೈಗಳು ನಿಂತುಬಿಡುತ್ತಿದ್ದವಂತೆ. ಅವಳ ಸಿನಿಮಾಗಳಲ್ಲೆಲ್ಲ ಅದಕ್ಕೇ ಬೇಡಿಕೆ. ಮಳೆಗಾಲದಲ್ಲಿ ಹಳ್ಳಕ್ಕೆ ಹೊಸ ನೀರು ಬಂದಾಗ ಹೆಂಗಸರು ಗಂಗೆಯ ಪೂಜೆ ಮಾಡುತ್ತಾರಷ್ಟೆ. ಆ ಸಲ ಮಾವಶಿ, ಯಾರೂ ದಿಕ್ಕಿಲ್ಲದೆ ಮುಳುಗಿದ ಆ ಹುಡುಗಿಗೆಂದು ಒಂದು ಹಸಿರು ರವಿಕೆಯ ಖಣವನ್ನೂ ನೀರಿಗೆ ಬಿಟ್ಟಳು. ಇದು ನನಗೆ ತಿಳಿದಾಗ ನಾನು ನಕ್ಕೆ. ಆ ಹೊತ್ತಿಗೆ ಕಾಯಂ ಆಗಿದ್ದೆನಲ್ಲ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಗಿಸುವುದೂ ರೂಢಿಯಾಗಿತ್ತು. "ನಮ್ಮ ಕಡೆ ಒಬ್ಬ ಮುದುಕಿ ಇದ್ದಾಳೆ" ಎಂದು ಶುರುಮಾಡಿ, ಬದುಕಿದ ನಾಯಕಿಗೆ ಖಣ ಬಿಟ್ಟಲ್ಲಿಗೆ ತಂದು ನಿಲ್ಲಿಸುತ್ತಿದ್ದೆ. ಚಹಾ ನೆತ್ತಿಗೇರುವಷ್ಟು ನಗುತ್ತಿದ್ದರು. ಕಥೆ ಹೇಳುವ ಗುಣ ನಮ್ಮ ರಕ್ತದಲ್ಲಿಯೇ ಇದೆ, ನೋಡಿ.

ಕೆಲವು ವರ್ಷಗಳ ಮೇಲೆ ಊರಿನ ಹಾಲಿನ ಸೊಸೈಟಿಯವರು ಸದಸ್ಯರಿಗೆಂದು ಟಿ.ವಿ. ತಂದಿಟ್ಟರು. ವಾರಕ್ಕೊಂದು ಸಂಜೆ ಮರಾಠಿ ಸಿನಿಮಾ. ನಾನು ಆರಗಕ್ಕೆ ಹೋಗಿದ್ದ ಒಂದು ವಾರ ಬಂದದ್ದು ಅದೇ ಸಿನಿಮಾ. ಓಣಿಯ ಹೆಂಗಸರಿಗೆ ಹಬ್ಬ. ಮಾವಶಿಯನ್ನು ಎಲ್ಲರ ಮುಂದೆ ಚೀಲ ಹಾಸಿ ಕೂರಿಸಿದರು. ಈಗ ಅರ್ಥ ಹೇಳುವವಳು ಅವಳು. "ಈಗ ನೋಡ್ರಿ, ಮೈದುನ ಬರತಾನ" ಎಂದಳು, ಮೈದುನ ಬಂದ. "ಈಗ ಅಕಿ ದೋಣಿ ಹತ್ತತಾಳ" ಎಂದಳು, ಹತ್ತಿದಳು. ಕೈ ಮುಳುಗಿತು, ಎಲ್ಲರೂ ಒಟ್ಟಿಗೇ ಅತ್ತರು. ಸರಿಯಾಗಿ ಅಲ್ಲಿಗೆ ಸಿನಿಮಾ ನಿಂತು ವಾರ್ತೆ ಶುರುವಾಯಿತು.

"ಆತು, ಏಳ್ರೆವಾ. ಇಷ್ಟ ಇದು" ಎಂದು ಮಾವಶಿ ಸೀರೆ ಕೊಡವಿ ಎದ್ದಳು. ಹೆಂಗಸರೂ ಎದ್ದು ಚೀಲ ಮಡಚತೊಡಗಿದರು.

ಸೊಸೈಟಿಯ ಸೆಕ್ರೆಟರಿ, "ಕುಂದ್ರಿ ಮಾವಶಿ, ವಾರ್ತಾ ಮುಗದ ಮ್ಯಾಲ ಇನ್ನೂ ಅರ್ಧಾ ಐತಿ" ಎಂದ.

"ಇಲ್ಲ ಬಿಡೋ ತಮ್ಮಾ. ಸಾಂಗ್ಲ್ಯಾಗ ದೊಡ್ಡ ಥೇಟರನ್ಯಾಗ ನೋಡೇನಿ ನಾ."

ನಾನು ಬಾಗಿಲ ಬಳಿ ನಿಂತಿದ್ದೆ. ಆಗಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ವಾರ್ತೆ ಮುಗಿಯಿತು. ಹೊಳೆಯ ದಂಡೆ, ಮರಳು, ಮರಳಿನ ಮೇಲೆ ಬಿದ್ದ ಹುಡುಗಿ. ಅವಳು ಕೆಮ್ಮಿದಳು.

ಪಕ್ಕದ ಮನೆಯ ಒಬ್ಬಾಕೆ, "ಅಯ್ಯ, ಸತ್ತಾಕಿ ಕೆಮ್ಮಾಕತ್ತಾಳ!" ಎಂದಳು. ಇನ್ನೊಬ್ಬಳು, "ಮಾವಶಿ, ನಿನ್ನ ಖಣ ಅಕಿ ಕಡಿಂದ ವಾಪಸ ಇಸ್ಕೋ ಈಗ!" ಎಂದಳು. ಗೋಡೆ ಬಿರಿಯುವಂಥ ನಗು. ಬದುಕಿದ್ದವಳಿಗಾಗಿ ಇಷ್ಟು ವರ್ಷ ಅಳಿಸಿದೆಯಲ್ಲ ಎಂದು ಹಿರಿಯಳೊಬ್ಬಳು ನಿಜವಾಗಿಯೇ ಸಿಟ್ಟಾದಳು. ಮಾವಶಿ ತಿರುಗಿ ನನ್ನನ್ನು ಹುಡುಕಿದಳು. ಕಂಡಳು. ಒಂದು ಕ್ಷಣ ನೋಡಿ, ಹೆಂಗಸರ ಕಡೆ ಮುಖ ಮಾಡಿದಳು.

"ಬಸ್ಸ ತಪ್ಪತೈತಿ ಅಂತ ನಾನ ನಡುವ ಎದ್ದು ಬಂದಿದ್ನೆವಾ. ಇಂವಾ ಕುಂದರ ಮಾವಶಿ, ಕುಂದರ ಅಂದ. ನಾನ ಕೇಳಲಿಲ್ಲ."

ಉಳಿದ ಸಿನಿಮಾ ಪೂರ್ತಿ ನೋಡಿದಳು. ಯಾರನ್ನೂ ಒಂದು ಅರ್ಥವನ್ನೂ ಕೇಳಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, ನನ್ನ ಕಡೆ ನೋಡದೆ, "ಅವತ್ತ ನಿನಗ ಏನರೆ ಕೆಲಸ ಇತ್ತೇನೋ?" ಎಂದಳು. ನನಗೆ ನೆಪವನ್ನೂ ಅವಳೇ ಹುಡುಕಿ ಕೊಟ್ಟಿದ್ದಳು.

"ಹೂಂ ಮಾವಶಿ" ಎಂದೆ.

"ಹಂಗಂತ ಹೇಳಬೇಕಿತ್ತಪ್ಪ. ನಾ ಹೊರಗ ಕುಂದರತಿದ್ನೆಲ್ಲ."

ಆಮೇಲೆ ಅವಳು ಸಿನಿಮಾ ಹೇಳಲಿಲ್ಲ. ಯಾರಾದರೂ ಕೇಳಿದರೆ "ಟಿ.ವಿ. ಬಂದೈತಲ್ಲ, ನೋಡ್ಕೋರಿ" ಎನ್ನುತ್ತಿದ್ದಳು. ಟಿ.ವಿ. ಬಂದು ಹಳ್ಳಿಗಳಲ್ಲಿ ಕಥೆ ಹೇಳುವುದು ನಿಂತುಹೋಯಿತು ಎಂದು ಎಲ್ಲರೂ ದೂರುತ್ತಾರೆ. ನಾನೂ ದೂರಿದ್ದೇನೆ, ತಲೆದೂಗಿದ್ದೇನೆ. ನಮ್ಮ ಅಂಗಳದ ಮಟ್ಟಿಗೆ ಟಿ.ವಿ.ಯದು ತಪ್ಪಿಲ್ಲ. ಅವಳು ತೀರಿಕೊಳ್ಳುವ ಮೊದಲು ಹಲವು ಸಲ ಹೋಗಿ ಪಕ್ಕದಲ್ಲಿ ಕುಳಿತಿದ್ದೆ. ಮಳೆಯ ಬಗ್ಗೆ, ಕುರಿಗಳ ಬಗ್ಗೆ ಮಾತಾಡಿ ಎದ್ದು ಬಂದೆ.

ಮೊನ್ನೆ ಮಗ ಎಲ್ಲರನ್ನೂ ಸಾಂಗ್ಲಿಯ ಹೊಸ ಚಿತ್ರಮಂದಿರಕ್ಕೆ ಕರೆದುಕೊಂಡು ಹೋದ. ತಿಗಣೆಯಿಲ್ಲ, ಪಟಕಾ ಇಲ್ಲ; ಚಳಿಗೆ ಮಾತ್ರ ಮಾವಶಿಯ ಕಂಬಳಿ ಬೇಕಿತ್ತು. ನನಗೆ ಈಗ ಕಿವಿ ಮಂದ. ಪಕ್ಕದಲ್ಲಿದ್ದ ಸುಷ್ಮಾಳನ್ನು "ಏನಂದ್ಲವಾ ಅಕಿ?" ಎಂದು ಕೇಳಿದೆ. ಕಿವುಡರ ದನಿ ತಮಗೇ ತಿಳಿಯುವುದಿಲ್ಲವಲ್ಲ, ಮುಂದಿನ ಸಾಲಿನವನೊಬ್ಬ ಮುಖ ಕಿವುಚಿ ತಿರುಗಿದ. ಮಾಲಗಾಂವದ ಮರಾಠಿ ಮನೆಯ ಹುಡುಗಿ ಸುಷ್ಮಾ, ಅವನಿಗೆ ಕೇಳುವಂತೆ, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಮಾಝೇ ಸಾಸರೇ ಆಹೇತ." ನನ್ನ ಮಾವನವರು. ಅಷ್ಟು ಹೇಳಿ, ತನ್ನ ಮುರುಕು ಕನ್ನಡದಲ್ಲಿ ನನಗೆ ಅರ್ಥ ಹೇಳತೊಡಗಿದಳು.

ಸ್ವಲ್ಪ ಹೊತ್ತಿಗೆ ದೀಪಗಳು ಹತ್ತಿದವು. "ಮುಗೀತೇನವಾ?" ಎಂದೆ.

"ಇಲ್ಲ ಬಾಬಾ, ಇನ್ನೂ ಐತಿ. ಕುಂದ್ರಿ, ಚಹಾ ತರತೇನಿ."

ಅವಳು ಎದ್ದುಹೋದ ಮೇಲೆ ಪಕ್ಕದ ಕುರ್ಚಿ ಖಾಲಿಯಾಯಿತು. ಎಷ್ಟೋ ವರ್ಷಗಳ ಮೇಲೆ ನನಗೊಂದು ಮಧ್ಯಂತರ ಸಿಕ್ಕಿತ್ತು. ಅವಳು ಬರುವವರೆಗೂ ಆ ಕುರ್ಚಿಯನ್ನೇ ನೋಡುತ್ತ ಕುಳಿತೆ. ಸಾಹೇಬರ ಮುಂದೆ ಮಾವಶಿ ಊರ ಕಡೆಯವಳು, ಕ್ಯಾಂಟೀನಿನಲ್ಲಿ ಒಬ್ಬ ಮುದುಕಿ. ನಿಮ್ಮ ಮುಂದೆಯೂ ಇಷ್ಟು ಹೊತ್ತು ಬರೀ ಮಾವಶಿ ಎಂದೇ ದಾಟಿಸುತ್ತ ಬಂದೆ. ಅಂದು ಕೇಳಿದ ಪ್ರಶ್ನೆಗೆ ಇಂದಾದರೂ ಸರಿಯಾಗಿ ಉತ್ತರಿಸುತ್ತೇನೆ. ಇವರು ನನ್ನ ಸ್ವಂತ ಮಾವಶಿ, ಸಾಹೇಬರೆ. ಇವರ ಹೆಸರು ಲಗಮವ್ವ.