ಗಾಬರಿ ಬೇಡ ಎಂದ ದನಿ

ಮಹಾದೇವಸ್ವಾಮಿ ಟಿ. ನರಸೀಪುರದ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದಾಗ, ಒಂದು ಸೋಮವಾರ ಬಾಗಿಲು ತೆಗೆಯುವ ಮೊದಲೇ ಇನ್ನೂರು ಜನ ಬಂದು ನಿಂತಿದ್ದರು. ಬ್ಯಾಂಕು ಮುಚ್ಚಿಹೋಗುತ್ತದೆ ಎಂದು ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿದ್ದರು. ಮಹಾದೇವಸ್ವಾಮಿ ಪೊಲೀಸರನ್ನು ಕರೆಸಲಿಲ್ಲ. ಮೆಟ್ಟಿಲ ಮೇಲೆ ಸ್ಟೂಲು ಹಾಕಿಸಿ ನಿಂತರು.

"ನಮ್ಮ ಮನೆಯವರ ಒಡವೇನೂ ಇಲ್ಲೇ ಲಾಕರಲ್ಲಿದೆ ಕಣ್ರಪ್ಪ. ಗಾಬರಿ ಬೇಡ" ಎಂದರು.

ಅರ್ಧ ಗಂಟೆಯಲ್ಲಿ ಜನ ಕರಗಿದರು. ಅಂಥ ದನಿ ಅದು; ಅವಸರವಿಲ್ಲದ್ದು, ತುಂಬಿದ್ದು.

ನಿವೃತ್ತರಾಗಿ ನಂಜನಗೂಡಿನ ಮನೆ ಸೇರಿದ ಮೇಲೂ ಆ ದನಿಯನ್ನು ಜನ ಮರೆತಿರಲಿಲ್ಲ. ನರಸೀಪುರದ ತಾಲ್ಲೂಕು ಆಡಳಿತದವರೇ ಹುಡುಕಿಕೊಂಡು ಬಂದರು. "ನಾವು ಹೇಳಿದರೆ ಜನ ನಂಬಲ್ಲ ಸ್ವಾಮಿ, ನೀವು ಹೇಳಿದರೆ ನಂಬ್ತಾರೆ" ಎಂದು ಒಬ್ಬ ಅಧಿಕಾರಿ ಕೈಮುಗಿದರು. ಹೀಗೆ ಅವರು ವಕ್ತಾರರಾದರು. ಪತ್ರಕರ್ತರ ಮುಂದೆ ಕೂರುವುದು, ಆಟೋಗಳಲ್ಲಿ ಊರೆಲ್ಲ ಕೂಗಿಸುವ ಪ್ರಕಟಣೆಗೆ ದನಿ ಕೊಡುವುದು ಅವರ ಕೆಲಸ. ಪತ್ರಿಕೆಯಲ್ಲಿ ಫೋಟೋ ಬಂದ ದಿನ ಅದನ್ನು ಕತ್ತರಿಸಿ ಫೈಲಿನಲ್ಲಿ ಇಡುತ್ತಿದ್ದರು. ಹೆಂಡತಿ ರುದ್ರಾಣಿ, "ಬ್ಯಾಂಕ್ ಬಿಟ್ರೂ ಫೈಲ್ ಮಾಡೋ ಚಪಲ ಹೋಗಿಲ್ಲ ನಿಮಗೆ" ಎಂದು ನಗುತ್ತಿದ್ದರು.

ಆ ವರ್ಷ ಆಗಸ್ಟಿನಲ್ಲಿ ನರಸೀಪುರದಲ್ಲಿ ಹೊಳೆ ಏರಿತು. ಬೆಳಿಗ್ಗೆ ಹನ್ನೊಂದಕ್ಕೆ ಅವರ ಕೈಗೆ ಕಚೇರಿಯಿಂದೊಂದು ಚೀಟಿ ಬಂತು. ಅವರು ಓದಿದರು, ಅದು ಫೋನಿನಲ್ಲಿ ರೆಕಾರ್ಡ್ ಆಗಿ ಆಟೋಗಳಿಗೆ ಹೋಯಿತು: "ನೀರು ಮನೆಗಳಿಗೆ ಬರುವುದಿಲ್ಲ. ಯಾರೂ ಗಾಬರಿಯಾಗಬೇಡಿ." ಎರಡು ಗಂಟೆಗೆ ಮೇಲಿನ ಅಣೆಕಟ್ಟೆಯಿಂದ ಇನ್ನಷ್ಟು ನೀರು ಬಿಟ್ಟರು. ಹೊಸ ಚೀಟಿ ಮಾತ್ರ ಬರಲಿಲ್ಲ.

ಸಂಜೆ ಹೊಳೆದಂಡೆಯ ಕೆಳಗಿನ ಬೀದಿಗೆ ನೀರು ನುಗ್ಗಿತು. ಕೊನೆಯ ಮನೆಯ ಮಣ್ಣಿನ ಗೋಡೆ ಕುಸಿದು ಪುಟ್ಟಮಾದಮ್ಮ ಎಂಬ ಮುದುಕಿ ಸತ್ತಳು. ತಿಂಗಳು ತಿಂಗಳು ಪಿಂಚಣಿಗೆ ಬ್ಯಾಂಕಿಗೆ ಬಂದು, ಹೆಬ್ಬೆಟ್ಟು ಒತ್ತಿ, ಮಸಿಯನ್ನು ಕಂಬಕ್ಕೆ ಒರೆಸಿ ಹೋಗುತ್ತಿದ್ದವಳು. ಮಹಾದೇವಸ್ವಾಮಿ ಎಷ್ಟು ಸಲ ಗದರಿದ್ದರೋ.

ಮರುದಿನ ಪತ್ರಕರ್ತರು ಕೂತಿದ್ದರು. ಈ ಸಲದ ಚೀಟಿಯಲ್ಲಿ, ಎಲ್ಲರಿಗೂ ಮುನ್ನೆಚ್ಚರಿಕೆ ಕೊಡಲಾಗಿತ್ತು, ಮನೆಯವರು ಮುದುಕಿಯನ್ನು ಕರೆದೊಯ್ಯಲಿಲ್ಲ ಎಂದಿತ್ತು. ಮಹಾದೇವಸ್ವಾಮಿಯವರ ಕಣ್ಣು ಒಂದು ಕ್ಷಣ ಆ ಸಾಲಿನ ಮೇಲೆ ನಿಂತಿತು. ಆಮೇಲೆ ಓದಿದರು, ಎಂದಿನ ದನಿಯಲ್ಲೇ.

ಅಲ್ಲಿಂದ ಶುರುವಾಯಿತು. ನಂಜನಗೂಡಿನ ಬಜಾರಿನಲ್ಲಿ ಸೊಪ್ಪು ಕೊಳ್ಳುತ್ತಿದ್ದರೆ ಹಿಂದಿನಿಂದ ಯಾವುದೋ ಆಟೋ ಅವರ ದನಿಯಲ್ಲೇ ಗಾಬರಿ ಬೇಡ ಎನ್ನುತ್ತಿತ್ತು. ತಿರುಗಿದರೆ ಹಳೆ ಪೇಪರ್ ಕೊಳ್ಳುವ ಆಟೋ. ಫೋನಿನಲ್ಲಿ ಹಲೋ ಎನ್ನುವಾಗ ತಮ್ಮ ಬಾಯೊಳಗೆ ಇನ್ನೊಬ್ಬ ಕೂತಿದ್ದಾನೆ ಅನ್ನಿಸುತ್ತಿತ್ತು. ಪೂಜೆಯಲ್ಲಿ ಮಂತ್ರ ಹೇಳುವುದನ್ನೂ ಬಿಟ್ಟರು. ರುದ್ರಾಣಿ ಕೇಳಿದರೆ ಗಂಟಲು ಸರಿಯಿಲ್ಲ ಎಂದರು.

ಒಂದು ತಿಂಗಳ ಮೇಲೆ ಬಸ್ಸು ಹತ್ತಿ ನರಸೀಪುರಕ್ಕೆ ಹೋದರು. ಪ್ರಕಟಣೆಯ ಆಟೋ ಓಡಿಸಿದ್ದ ನಂಜೇಶನನ್ನು ಹುಡುಕಿ, ಆ ದಿನ ಎಷ್ಟು ಹೊತ್ತಿನವರೆಗೆ ಕೂಗಿಸಿದೆ ಎಂದು ಕೇಳಿದರು.

"ಆರ್ ಗಂಟೆಗಂಟ ನಿಮ್ದೇ ಆಕಿದ್ದೆ ಸಾ" ಎಂದ ಅವನು, ನೆಲ ನೋಡುತ್ತಾ. "ನಿಲ್ಸು ಅಂತ ಯಾರೂ ಏಳ್ನಿಲ್ಲ."

ಪುಟ್ಟಮಾದಮ್ಮನ ಮಗಳು ಶೃತಿ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಈಗ ನೆಂಟರ ಮನೆಯಲ್ಲಿದ್ದಳು. ಬಾಗಿಲಿಗೆ ಬಂದ ಅವರನ್ನು ಕಂಡು ಒಳಗೆ ಕರೆಯಲಿಲ್ಲ.

"ಶಿಫ್ಟಲ್ಲಿದ್ದೆ ಸಾ. ಫೋನ್ ಮಾಡಿ, ಮೇಲಕ್ ಬಾರವ್ವ ಅಂದೆ. 'ಬ್ಯಾಂಕ್ ಸ್ವಾಮ್ಯೋರೇ ಕೂಗ್ತಾವ್ರೆ, ಏನೂ ಆಗಲ್ಲ' ಅಂದ್ಲು. ಈಗ ಊರೋರು ನಾನೇ ಬುಟ್ಬುಟ್ಟೆ ಅಂತಾರೆ. ಪೇಪರ್ನಲ್ಲಿ ಬಂದದಲ್ಲ."

ಅವರು ಕೈಮುಗಿದರು.

"ಇನ್ನೇನ್ ಏಳೀರಿ, ಓಗಿ ಸಾ" ಎಂದಳು.

ಅದೇ ವಾರ ಪತ್ರಕರ್ತರನ್ನು ಅವರೇ ಕರೆದರು. ಕೈಯಲ್ಲಿ ಚೀಟಿಯಿರಲಿಲ್ಲ. ದನಿ ಒಡೆಯುತ್ತಿತ್ತು. ಹನ್ನೊಂದು ಗಂಟೆಗೆ ತಾವು ಹೇಳಿದ್ದು, ಆರರವರೆಗೂ ಅದೇ ಕೂಗಿದ್ದು, ಮರುದಿನ ಓದಿದ್ದು ಸುಳ್ಳೆಂಬುದು, ಎಲ್ಲವನ್ನೂ ಹೇಳಿದರು. "ಆ ಹುಡುಗಿ ಅವ್ವನನ್ನು ಕರೆದಿದ್ದಳು. ಬೇಡ ಅಂದವನು ನಾನು" ಎಂದರು. ಆಡಳಿತ ಆ ಸಂಜೆಯೇ ಅವರನ್ನು ಕೈಬಿಟ್ಟಿತು. ವಿಚಾರಣೆ ಅಂತ ಒಂದು ನಡೆಯಿತು. ಊರಿನವರು ಶೃತಿಯ ಮೇಲಿನ ಮಾತನ್ನು ನಿಧಾನಕ್ಕೆ ಬಿಟ್ಟರು. ಅವಳು ಮಾತ್ರ ಇವರಿಗೆ ಒಂದು ಮಾತೂ ಹೇಳಿಕಳಿಸಲಿಲ್ಲ, ಇವರೂ ಕಾಯಲಿಲ್ಲ.

ಮುಂದಿನ ಮಳೆಗಾಲ ಹೊಳೆ ಕೆಂಪಾದ ದಿನ, ಯಾರೂ ಕರೆಯದೆಯೇ ಮಹಾದೇವಸ್ವಾಮಿ ಕೆಳಗಿನ ಬೀದಿಗೆ ಬಂದರು. ಕೊಡೆ ಮಡಿಸಿ ಒಂದೊಂದೇ ಬಾಗಿಲು ತಟ್ಟಿದರು. "ಹೊರಡಿ" ಎಂದಷ್ಟೇ ಹೇಳಿದರು. ಒಬ್ಬರು ಬೈದರು. ಉಳಿದವರು ಗಂಟು ಕಟ್ಟಿದರು. ಬೀದಿಯ ತುದಿಗೆ ಬಂದಾಗ ಗೋಡೆಯಿಲ್ಲದ, ಗಿಡ ಬೆಳೆದ ಜಾಗ ಉಳಿದಿತ್ತು.

"ಪುಟ್ಟಮಾದಮ್ಮ, ಹೊರಡವ್ವ" ಎಂದು ಕೂಗಿ, ಯಾರೋ ಬರುವರೆಂಬಂತೆ ಸ್ವಲ್ಪ ಹೊತ್ತು ನಿಂತರು. ಗಂಟು ಹೊತ್ತವರು ಅವರ ಪಕ್ಕದಿಂದ ಹಾದು ಮೇಲಕ್ಕೆ ಹತ್ತಿ ಹೋದರು.