ಒಂಬತ್ತು ಪಾದದ ಕುಣಿ

ಅವರ ಎಡಗಾಲಿಗೆ ಹೆಬ್ಬೆರಳು ಇರಲಿಲ್ಲ. ಇರಬೇಕಾದ ಜಾಗದಲ್ಲಿ ನುಣುಪಾದ ಚರ್ಮ ಮುದುಡಿಕೊಂಡಿತ್ತು. ಮೂರು ವರ್ಷ ಅವರ ಎದುರು ಕೂತು ಮಾತಾಡಿದ ನಾನು ಅದನ್ನು ಕಂಡದ್ದು ಅವರು ಸತ್ತ ದಿನ.

ಸಂಪಗಾಂವದ ನಮ್ಮ ರುದ್ರಭೂಮಿಯಲ್ಲಿ ಕುಣಿ ತೆಗೆಯುತ್ತಿದ್ದವರು ಅವರು. ನಾನು ಕಾಕಾ ಎನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಎನ್ನುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ, ಮತ್ತು ಕುಣಿಯನ್ನು ಸತ್ತವರ ಪಾದದ ಅಳತೆಯಿಂದಲೇ ತೆಗೆಯಬೇಕು. ಉದ್ದಕ್ಕೆ ಒಂಬತ್ತು ಪಾದ, ಅಗಲಕ್ಕೆ ಐದು. ಅದಕ್ಕೆ ಜೋಳದ ದಂಟಿನ ಕಡ್ಡಿಯೊಂದನ್ನು ಪಾದಕ್ಕೆ ಹಿಡಿದು ಮುರಿದು ಕೊಡುತ್ತಾರೆ. ಕಾಕಾನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅವರ ಕೈಯಿಂದ ಕುಣಿ ತೆಗೆಸುತ್ತಿದ್ದ ಊರು ಅವರನ್ನು ಹೊಸ್ತಿಲು ಮಾತ್ರ ದಾಟಿಸುತ್ತಿರಲಿಲ್ಲ. ಹಾಗಾಗಿ ಅಳತೆ ಮನೆಯವರೇ ತೆಗೆಯಬೇಕು, ಕಾಕಾ ಅಂಗಳದಲ್ಲಿ ಕಾಯಬೇಕು.

ಆಗ ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಮೆರೆಯುತ್ತಿದ್ದೆ ಎಂದರೆ ಸರಿ. ‘ದೇಹ ನಾನಲ್ಲ’ ಎಂಬ ವಿಷಯದ ಮೇಲೆ ಸೆಮಿನಾರ್ ಕೊಟ್ಟು ಚಪ್ಪಾಳೆ ಗಿಟ್ಟಿಸಿದ ಮರುವಾರವೇ ಅಪ್ಪ ತೀರಿಕೊಂಡರು. ನಾನು ಅಳಲಿಲ್ಲ. ಅಳುತ್ತಿದ್ದ ಅವ್ವನಿಗೆ, ಹೋದದ್ದು ಬರೀ ದೇಹ ಎಂದು ತಿಳಿಹೇಳಲು ಹೋದೆ. ಆಕೆ ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಪ್ಪನಿಗೆ ನಾನೊಬ್ಬಳೇ ಮಗಳು. ಗೋಡೆಗೆ ಒರಗಿಸಿ ಕೂರಿಸಿದ್ದ ಅವರ ಮುಂದೆ ಕಡ್ಡಿ ಹಿಡಿದು ಕೂತೆ. ಶಾಲಿನಡಿ ಕೈಹಾಕಿ, ಸಿಕ್ಕ ಪಾದಕ್ಕೆ ಹಿಡಿದು, ಪಟಕ್ಕನೆ ಮುರಿದು ತಂದೆ.

ಕಾಕಾ ಕಡ್ಡಿಯನ್ನೂ ನನ್ನ ಮುಖವನ್ನೂ ನೋಡಿದರು. “ಬರೋಬ್ಬರಿ ಐತೇನ್ರಿ ಅಕ್ಕಾರ?”

“ಐತಿ,” ಎಂದೆ ಗತ್ತಿನಿಂದ. ಸಾವಿನ ಮನೆಯವರನ್ನು ಎರಡನೇ ಸಲ ಕೇಳಬಾರದೆಂಬುದು ಅವರ ನಿಯಮ. ಕಡ್ಡಿ ತೆಗೆದುಕೊಂಡು ರುದ್ರಭೂಮಿಗೆ ಹೋದರು.

ಹೆಣ ಇಳಿಸುವ ಮೊದಲು ಕುಣಿಯಲ್ಲಿ ತಾವೇ ಒಮ್ಮೆ ಕೂತು ನೋಡುವುದು ಅವರ ರೂಢಿ. ಅಪ್ಪನನ್ನು ಕೂರಿಸಿ ಹೊತ್ತು ತಂದ ಹೂವಿನ ಚಟ್ಟ, ನಮ್ಮವರು ವಿಮಾನ ಎನ್ನುವುದು, ರುದ್ರಭೂಮಿ ಮುಟ್ಟಿದಾಗ ಕಾಕಾ ಕುಣಿಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗಿಡ್ಡ ಆಳು ಅವರು. ಅವರ ಮೊಣಕಾಲುಗಳೇ ಎರಡೂ ಪಕ್ಕದ ಮಣ್ಣಿಗೆ ತಾಗುತ್ತಿದ್ದವು. ಅಪ್ಪನದು ಆರಡಿ ಮೈ. ಕಾಕಾ ತಲೆಯೆತ್ತಿ ನನ್ನನ್ನು ಹುಡುಕಿ ನೋಡಿದರು.

ಆಗ ನನಗೆ ಹೊಳೆಯಿತು. ಸಕ್ಕರೆ ಕಾಯಿಲೆಯಿಂದ ಅಪ್ಪನ ಬಲಪಾದದ ಮುಂದಿನ ಅರ್ಧವನ್ನು ನಾಲ್ಕು ವರ್ಷದ ಹಿಂದೆಯೇ ಕತ್ತರಿಸಿದ್ದರು! ನಾನು ಅಳೆದದ್ದು ಆ ಅರ್ಧ ಪಾದವನ್ನು. ಅಪ್ಪ ಮೊಂಡು ಪಾದದ ಮೇಲೆ ಕುಂಟುತ್ತ ಬಂದು ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಅಂಥ ಅಪ್ಪನ ಕಾಲು ನನಗೆ ನೆನಪೇ ಇರಲಿಲ್ಲ.

“ಇಷ್ಟ ವರ್ಷ ಕುಣಿ ತಗದೀದಿ, ಅಳತಿ ತಿಳಿವಲ್ದೇನೋ ನಿನಗ?” ಹಿರಿಯರೊಬ್ಬರು ಗದರಿದರು.

“ನನ್ನ ತಪ್ಪಾತ್ರಿ ಗೌಡ್ರ. ಕಡ್ಡಿ ಎಣಿಸೂದ್ರಾಗ ತಪ್ಪಿದೆ,” ಎಂದರು ಕಾಕಾ.

ನಾನು ಬಾಯಿ ಬಿಡಬೇಕಿತ್ತು. ಸೆಮಿನಾರಿನಲ್ಲಿ ನಿಲ್ಲದೆ ಓಡಿದ್ದ ಬಾಯಿ ಅಲ್ಲಿ ತೆರೆಯಲಿಲ್ಲ. ವಿಮಾನವನ್ನು ಬೇವಿನ ಗಿಡದ ಕೆಳಗೆ ಇಳಿಸಿದರು. ಎಲ್ಲರ ಬೈಗುಳ ತಿನ್ನುತ್ತ ಕಾಕಾ ಅರ್ಧ ಗಂಟೆ ಗುದ್ದಲಿ ಬೀಸಿದರು. ಮೇಲೆ ಬಂದಾಗ ಎಡಗಾಲಿಗೆ ಟವೆಲು ಬಿಗಿದಿದ್ದರು. ಮೈಯೆಲ್ಲ ಎರೆಮಣ್ಣು. ಕಾಲು ಜಾರದಿರಲೆಂದು ಕಟ್ಟಿರಬೇಕು ಎಂದುಕೊಂಡೆ.

ತಿಂಗಳು ಕಳೆದು ಅವರ ಮನೆಗೆ ಹೋದೆ. ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. “ಕಾಕಾ, ಸುಳ್ಳು ಯಾಕ ಹೇಳಿದ್ರಿ?” ಎಂದು ಕೇಳಿದೆ.

“ಅಪ್ಪನ ಕಳಕೊಂಡ ಕೂಸಿನ ಮ್ಯಾಲ ಊರ ಬಾಯಿ ಬಿಡಾಕ ಆಕ್ಕೈತೇನ್ರಿ? ನನಗ ಬೈಸ್ಕೊಂಡು ರೂಢಿ ಐತಿ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಅಕ್ಕಾರ, ಮೊದಲ ಕುಂತು ನೋಡೂದು, ಆಮ್ಯಾಲ ಮಾತಾಡೂದು,” ಎಂದರು.

ಅಲ್ಲಿಂದ ಸೂಟಿ ಸಿಕ್ಕಾಗೆಲ್ಲ ಅವರ ಕಟ್ಟೆಯೇ ನನ್ನ ಸಾಲೆಯಾಯಿತು. ಒಮ್ಮೆ, ಯಾರಿಗೋ ತೆಗೆದ ಕುಣಿಯಲ್ಲಿ ನನ್ನನ್ನು ಇಳಿಸಿ ಕೂರಿಸಿದರು. ತಂಪು ಮಣ್ಣು ಬೆನ್ನಿಗೆ ತಾಗಿದ್ದೇ ತಡ, ಓದಿದ್ದೆಲ್ಲ ಮರೆತು ಗಡಗಡ ನಡುಗಿದೆ. “ಅಂಜಿಕಿ ಬಂತಿಲ್ರಿ? ಈಗ ಬರೀರಿ,” ಎಂದು ಕೈಕೊಟ್ಟು ಮೇಲೆಳೆದರು. ಮುಂದೆ ಸಂಶೋಧನೆಗೆ ಸೇರಿ ಪ್ರಬಂಧ ಬರೆಯಲು ಕೂತಾಗ, ‘ದೇಹ ನಾನಲ್ಲ’ ಎಂದು ಶುರುವಾಗಿದ್ದ ಮೊದಲ ಅಧ್ಯಾಯವನ್ನು ಹರಿದುಹಾಕಿದೆ. ಅಪ್ಪನ ಅರ್ಧ ಪಾದದಿಂದ ಮತ್ತೆ ಶುರು ಮಾಡಿದೆ. ಅದನ್ನು ಓದಿಸಿಕೊಂಡು ಕೇಳಿದ ಅವ್ವ ಬಹಳ ದಿನಗಳ ಮೇಲೆ ನನ್ನ ತಲೆ ನೇವರಿಸಿದಳು.

ಕಾಕಾನ ಬೂಟು ಮಾತ್ರ ಒಂದು ದಿನವೂ ಕಾಲು ಬಿಡಲಿಲ್ಲ. “ಏನ್ ಕಾಕಾ, ಸಾಹೇಬ್ರು ಆಗೀರಿ!” ಎಂದು ಚೇಷ್ಟೆ ಮಾಡುತ್ತಿದ್ದೆ. “ವಯಸ್ಸಾತ್ರಿ, ಮೆತ್ತಗ ಇರತಾವ,” ಎಂದು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಹೋದ ಮಾಘದಲ್ಲಿ ಎದೆನೋವಿನಿಂದ ಒಮ್ಮೆಲೇ ಹೋಗಿಬಿಟ್ಟರು. ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಅವರ ಮಂದಿ ಹೆಣವನ್ನು ಮಲಗಿಸಿ ಮಣ್ಣು ಮಾಡುವವರು, ಪಾದದ ಅಳತೆ ಬೇಕಿರಲಿಲ್ಲ. ಆದರೂ ಕಾಲು ಮುಟ್ಟಿ ನಮಸ್ಕರಿಸಲು ಬಾಗಿದೆ, ಬಾಗಿದವಳು ಹಾಗೆಯೇ ನಿಂತುಬಿಟ್ಟೆ.

“ಕಾಕಿ, ಇದು... ಯಾವಾಗ?” ಎಂದು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯನ್ನು ಕೇಳಿದೆ.

ಕಾಕಿ ಸೆರಗಿನಿಂದ ಮೂಗು ಒರೆಸಿಕೊಂಡರು. “ನಿಮ್ಮ ಅಪ್ಪಾರ ಕುಣಿ ದೊಡ್ಡದು ಮಾಡೂ ಮುಂದ್ರಿ. ಮಂದಿ ಬೈಯಾಕ ಹತ್ತಿದ್ರಲ್ಲ, ಗಡಿಬಿಡ್ಯಾಗ ಗುದ್ದಲಿ ಕಾಲ ಮ್ಯಾಲ ಬಿತ್ತು. ಆಮ್ಯಾಲ ಕೀವಾಗಿ ಬೈಲಹೊಂಗಲದ ದವಾಖಾನ್ಯಾಗ ಬೆರಳ ತಗದ್ರು. ಅಕ್ಕಾರಿಗೆ ಹೇಳಬ್ಯಾಡ, ಮತ್ತ ಓದೂದು ಬಿಟ್ಟಾರು ಅಂತ ನನ್ನ ಕಡೆ ಆಣಿ ಮಾಡಿಸ್ಕೊಂಡಿದ್ರು.”

ಆ ಬೂಟನ್ನು ಎಷ್ಟು ಸಲ ಚೇಷ್ಟೆ ಮಾಡಿದ್ದೆನೋ! ಅಪ್ಪನದರಂತೆ, ಎದುರಿಗಿದ್ದ ಈ ಪಾದವನ್ನೂ ನಾನು ನೋಡಿರಲಿಲ್ಲ.

ಅಪ್ಪನಿಗೂ ಅಳದವಳು ಅಲ್ಲಿ ನೆಲಕ್ಕೆ ಕುಸಿದು, ಬಾಯಿಬಿಟ್ಟು ಅತ್ತೆ. ಆಮೇಲೆ ಕಣ್ಣು ಒರೆಸಿಕೊಂಡು ಅವರ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಹಿಮ್ಮಡಿಯ ಬಿರುಕು, ಉಗುರಿನೊಳಗಿನ ಮಣ್ಣು, ಇಲ್ಲದ ಬೆರಳಿನ ಜಾಗ, ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಹೊರಗೆ ಕುಣಿ ಸಿದ್ಧವಾಗಿದೆ ಎಂದು ಕರೆದರು. ಇನ್ನೂ ಸ್ವಲ್ಪ ತಾಳ್ರಿ ಎಂದೆ.